ಕುಡುಕನಿಗೆ ಸಿಕ್ಕ ಬಡ್ತಿ

ಜನವರಿ 1ರ ಬೆಳಿಗ್ಗೆ ಕೋಲಾರದ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯಲ್ಲಿ ಪತ್ರಿಕೆ ಬಿಡಿಸಿದಾಗ, ಹಿಂದಿನ ರಾತ್ರಿ ಬೀದಿಯಲ್ಲಿ ಕುಣಿದು ಕೂಗಾಡಿದವರೆಲ್ಲ 'ಮದ್ಯಪ್ರಿಯರು' ಎಂಬ ಬಿರುದಿಗೆ ಪಾತ್ರರಾಗಿದ್ದರು. ಅಂಥ ಪ್ರಿಯರೊಬ್ಬರು ಒಂಟಿ ಚಪ್ಪಲಿಯಲ್ಲಿ ಅಂಗಡಿಯ ಜಗಲಿಯ ಮೇಲೇ ಪವಡಿಸಿದ್ದರು. ಅಂಗಡಿಯ ಅಜ್ಜಿ ಪತ್ರಿಕೆ ಓದುವವರಲ್ಲ. "ಏಳೋ ಕುಡುಕ ನನ್ಮಗನೇ, ಬೋಣಿ ಆಗ್ಬೇಕು" ಎಂದು ಬಿಂದಿಗೆಯ ನೀರು ಎರಚಿದರು.

'ಕುಡುಕ' ಪದದಲ್ಲಿ ದೋಷವೇನೂ ಇಲ್ಲ. 'ಕುಡಿ' ಎಂಬ ಧಾತುವಿನಿಂದ ಹುಟ್ಟಿದ ಅಪ್ಪಟ ಕನ್ನಡದ ಕೂಸು ಅದು. ಏನನ್ನು ಕುಡಿಯುತ್ತಾನೆಂದು ಮಾತ್ರ ಬಾಯಿ ಬಿಡುವುದಿಲ್ಲ. ದಿನಕ್ಕೆ ಹತ್ತು ಟೀ ಕುಡಿಯುವ ನನ್ನನ್ನು ಇದುವರೆಗೆ ಯಾರೂ ಹಾಗೆ ಕರೆದಿಲ್ಲ. ಹೆಂಡದೊಡನೆ ಸೇರಿದರೆ ಆದೇಶ ಸಂಧಿಯಿಂದ ಕಕಾರ ಗಕಾರವಾಗಿ 'ಹೆಂಡಗುಡುಕ' ಆಗುತ್ತದೆ. ಹೆಂಡ ಸೋಕಿದರೆ ವ್ಯಾಕರಣದ ನಾಲಿಗೆಯೂ ತೊದಲುತ್ತದೆ.

ಮದ್ಯಪ್ರಿಯನದು ದೊಡ್ಡ ಮನೆತನ. ಹಿಗ್ಗುವುದು, ಅಮಲೇರುವುದು ಎಂಬ ಅರ್ಥಗಳುಳ್ಳ ಸಂಸ್ಕೃತದ 'ಮದ್' ಧಾತುವಿನಿಂದ ಮದ, ಮತ್ತ, ಉನ್ಮತ್ತ, ಪ್ರಮಾದಗಳೆಲ್ಲ ಹುಟ್ಟಿವೆ. ಮದ್ಯ ಅವುಗಳ ಒಡಹುಟ್ಟು. ಗೋಡೆಗಳ ಮೇಲೆ ಮಾತ್ರ 'ಮಧ್ಯಪಾನ ನಿಷೇಧಿಸಲಾಗಿದೆ' ಎಂದು ಮಹಾಪ್ರಾಣದಲ್ಲಿ ಬರೆದಿರುತ್ತಾರೆ. ಮಧ್ಯದಲ್ಲಿ ಕುಡಿಯಬಾರದೆಂದರೆ ಮೊದಲಿಗೂ ಕೊನೆಗೂ ಅಡ್ಡಿಯಿಲ್ಲವೆಂದು ಓದಿಕೊಂಡವರನ್ನು ಹೇಗೆ ದೂರುವುದು?

2023ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಶೇಕಡ 20ರಷ್ಟು ಏರಿತು. ಸುಂಕ ಏರಿದ ದಿನ ಮದ್ಯಪ್ರಿಯನಾಗಿದ್ದವನೇ ಗಾಡಿ ತಡೆದ ಪೊಲೀಸರ ಕಡತದಲ್ಲಿ ಪಾನಮತ್ತ, ಮದ್ಯಪಾನ ಸಂಯಮ ಮಂಡಳಿಯ ವೇದಿಕೆಯಲ್ಲಿ ವ್ಯಸನಿ, ಮನೆಯ ಹೊಸ್ತಿಲಲ್ಲಿ ಕುಡುಕ. ಕುಡಿಸುವುದಕ್ಕೊಂದು ಇಲಾಖೆ, ಸಂಯಮ ಕಲಿಸುವುದಕ್ಕೊಂದು ಮಂಡಳಿ. ಎರಡೂ ಒಂದೇ ಸರ್ಕಾರದವು. ಸಾರಾಯಿ ಕುಡಿಯುತ್ತಿದ್ದ ಬಡವನಿಗೆ ಈ ಬಡ್ತಿ ದಕ್ಕಲೇ ಇಲ್ಲ. 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗಲೂ 'ಸಾರಾಯಿಪ್ರಿಯರಿಗೆ ಆಘಾತ' ಎಂದು ಯಾರೂ ಮರುಗಿದ್ದು ನೆನಪಿಲ್ಲ.

ಅಂದಹಾಗೆ, 'ಅಬಕಾರಿ'ಯ ಮೂಲ ಪಾರಸಿಯ 'ಆಬ್', ಅಂದರೆ ನೀರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆರೆಗೆ ತುಂಬಿಸಿಕೊಳ್ಳುತ್ತಿರುವ ನಮ್ಮ ಜಿಲ್ಲೆಯಲ್ಲಿ ಸರಬರಾಜು ಎಂದೂ ತಪ್ಪದಿರುವುದು ಅಬಕಾರಿಯ ನೀರಿನದು ಮಾತ್ರ. ಅಜ್ಜಿ ಎರಚಿದ್ದು ಟ್ಯಾಂಕರಿನವನಿಗೆ ಕಾಸು ಕೊಟ್ಟು ತುಂಬಿಸಿಟ್ಟಿದ್ದ ನೀರು. ಪ್ರಿಯರು ಎದ್ದು ಹೋದ ಮೇಲೂ ಅವರು ಬರಿದಾದ ಬಿಂದಿಗೆಯನ್ನು ನೋಡುತ್ತ ಗೊಣಗುತ್ತಲೇ ಇದ್ದರು.