ಸಾವಿನ ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ

ನಿನ್ನೆ ಸಂಜೆ ಶಿವಮೊಗ್ಗದ ಸುಗಮ ಸಂಗೀತ ಕಾರ್ಯಕ್ರಮವೊಂದರಲ್ಲಿ ಹುಡುಗಿಯೊಬ್ಬಳು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡುತ್ತ ಎರಡನೆಯ ನುಡಿಗೆ ಬಂದಿದ್ದಳಷ್ಟೆ. ಸಂಘಟಕರೊಬ್ಬರು ವೇದಿಕೆಯ ಬದಿಗೆ ಬಂದು, “ಶುಭ ಸಮಾರಂಭದಲ್ಲಿ ಇದೆಲ್ಲ ಬೇಡಮ್ಮ, ಉಲ್ಲಾಸದ್ದೊಂದು ಹಾಡು” ಎಂದರು. ಅವಳು ಹಾಡನ್ನು ಅಲ್ಲಿಗೇ ಬಿಟ್ಟಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪ ತೀರಿಹೋದ ಆಷಾಢ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಮಳೆಯಲ್ಲಿ ತೊಯ್ದುಕೊಂಡು ತೀರ್ಥಹಳ್ಳಿಯ ಮನೆಯವರೆಗೂ ಬಂದವರ ಋಣ ದೊಡ್ಡದು. ಆದರೆ ಜಗುಲಿಯಲ್ಲಿ ಕೂತವರೆಲ್ಲ “ಧೈರ್ಯ ತಂದ್ಕೊಳ್ಳಿ, ನರಳದೆ ಹೋದರಲ್ಲ” ಎಂದೇ ಹೇಳಿದರು. ಅಮ್ಮ ಹೂಂ ಎನ್ನುತ್ತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ಅವಳು ಕೇಳುತ್ತಿದ್ದುದು ಇದೇ ಹಾಡನ್ನು. ಕೂಸಿನ ಸಾವಿನೆದುರು ಹೆಂಡತಿಯ ನೋಟವನ್ನು ತಡೆಯಲಾರದ ಗಂಡ ಅದರಲ್ಲಿ ಯಾವ ವೇದಾಂತವನ್ನೂ ಹೇಳುವುದಿಲ್ಲ. ‘ಅತ್ತಾರ ಅತ್ತುಬಿಡು’ ಎನ್ನುತ್ತಾನೆ, ನಕ್ಕು ದುಃಖವನ್ನೇಕೆ ಮರೆಸುತ್ತೀ ಎಂದು ಕೇಳುತ್ತಾನೆ. ನಮ್ಮ ಜಗುಲಿಯಲ್ಲಿ ಒಬ್ಬರೂ ಆಡದ ಮಾತು ಅದು. ಅಮ್ಮ ಅತ್ತದ್ದು ಆ ಹಾಡಿನ ಎದುರಿಗೆ ಮಾತ್ರ, ಅತ್ತ ಮೇಲೆಯೇ ಅವಳಿಗೆ ನಿದ್ದೆ ಹತ್ತುತ್ತಿತ್ತು.

ಸಾವಿನ ಹಾಡನ್ನು ಅಪಶಕುನವೆನ್ನುವವರು ಗೋವಿನ ಹಾಡನ್ನು ಏನು ಮಾಡುತ್ತಾರೆ? ಹುಲಿಯ ಬಾಯಿಗೆ ಹೊರಟ ತಾಯಿಯನ್ನು ಕರು ‘ಆರ ಮೊಲೆಯನು ಕುಡಿಯಲಮ್ಮ’ ಎಂದು ಕೇಳುತ್ತದೆ. ಪುಣ್ಯಕೋಟಿ ಉಳಿದ ಹಸುಗಳ ಬಳಿಗೆ ಹೋಗಿ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ತಬ್ಬಲಿಯ ಪಾಡನ್ನು ಇಷ್ಟು ನೇರವಾಗಿ ಹೇಳುವ ಹಾಡನ್ನು ನಾವು ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕೂತು, ಗಂಟಲು ಕಟ್ಟಿದರೂ ಬಿಡದೆ ಹಾಡಿದವರು. ಅದರಿಂದ ಯಾರಿಗೂ ಕೇಡಾಗಲಿಲ್ಲ.

ಇಂಥ ಹಾಡುಗಳು ನೊಂದವರನ್ನು ಇನ್ನಷ್ಟು ಕುಗ್ಗಿಸುತ್ತವೆ ಎಂಬ ವಾದವೂ ಇದೆ. 1933ರಲ್ಲಿ ಹಂಗೇರಿಯಲ್ಲಿ ಹುಟ್ಟಿದ ‘ಗ್ಲೂಮಿ ಸಂಡೇ’ ಎಂಬ ಶೋಕಗೀತೆಯ ಮೇಲೆ ಆತ್ಮಹತ್ಯೆಗಳ ಆರೋಪ ಬಂದಿತ್ತು. ಯುದ್ಧಕಾಲದಲ್ಲಿ ಜನರ ಸ್ಥೈರ್ಯ ಕುಂದೀತೆಂದು ಬಿಬಿಸಿ, ಅಮೆರಿಕದ ಗಾಯಕಿ ಬಿಲ್ಲಿ ಹಾಲಿಡೇ ಹಾಡಿದ ಆವೃತ್ತಿಗೆ ಹೇರಿದ ನಿರ್ಬಂಧವನ್ನು 2002ರವರೆಗೂ ತೆಗೆಯಲಿಲ್ಲ. ಆದರೆ ಆ ಸಾವುಗಳಿಗೆ ಹಾಡೇ ಕಾರಣವೆಂದು ಸಾಬೀತಾಗಲೇ ಇಲ್ಲ. ಖಿನ್ನತೆಯಲ್ಲಿ ಮುಳುಗಿದವರಿಗೆ ವೈದ್ಯರು ಬೇಕು, ಪಕ್ಕದಲ್ಲಿ ಜನ ಬೇಕು. ಅದರಲ್ಲಿ ಎರಡು ಮಾತಿಲ್ಲ. ಹಾಡು ನಿಲ್ಲಿಸಿದ ಮಾತ್ರಕ್ಕೆ ಅವೆರಡೂ ಒದಗುವುದಿಲ್ಲ.

ತುಂಬಿದ ಸಭೆಯಲ್ಲಿ ಈ ವರ್ಷ ಮನೆಯವರನ್ನು ಕಳೆದುಕೊಂಡವರು ಇದ್ದೇ ಇರುತ್ತಾರೆ. ಸಂಘಟಕರೇ, ಕಲಾವಿದರು ಎತ್ತಿಕೊಂಡ ಹಾಡನ್ನು ಕೊನೆಯ ನುಡಿಯವರೆಗೂ ಹಾಡಲು ಬಿಡಿ. ಕೇಳಲಾಗದವರು ಆ ಐದು ನಿಮಿಷ ಹೊರಗೆ ಹೋಗಿ ಬರಲಿ.