ಓರ್ಕಾ ಒಂದೇ ಸಾಲದು
ಲಿನಕ್ಸ್‌ನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಓರ್ಕಾ ತಂತ್ರಾಂಶವನ್ನು ಸ್ಥಾಪಿಸಿದರೆ ದೃಷ್ಟಿಹೀನರಿಗೆ ಬೇಕಾದ ಸಿದ್ಧತೆ ಮುಗಿಯುತ್ತದೆ ಎಂಬ ಲೇಖನದ ಮಾತಿಗೆ ಒಂದು ಮುಖ್ಯ ಸೇರ್ಪಡೆ ಅಗತ್ಯವಿದೆ. ಓರ್ಕಾ ಕೆಲಸ ಮಾಡುವುದು ಚಿತ್ರಾತ್ಮಕ ಪರದೆ ತೆರೆದ ಮೇಲೆ. ಪರದೆಯ ಪಠ್ಯವನ್ನು ಉಬ್ಬು ಚುಕ್ಕೆಗಳಾಗಿ ಮೂಡಿಸುವ ಬ್ರೈಲ್ ಸಾಧನದೊಂದಿಗೆ ನೇರವಾಗಿ ವ್ಯವಹರಿಸುವುದು ಬಿಆರ್‌ಎಲ್‌ಟಿಟಿವೈ ಎಂಬ ಹಿನ್ನೆಲೆ ತಂತ್ರಾಂಶ. ಅದು ಕಂಪ್ಯೂಟರ್ ಆರಂಭವಾಗುವ ಹಂತದಲ್ಲೇ ಚಾಲನೆಗೊಂಡು ಪಠ್ಯ ಕನ್ಸೋಲನ್ನೂ (ಅಕ್ಷರಗಳಷ್ಟೇ ಇರುವ ಆದೇಶ ಪರದೆಯನ್ನೂ) ಬೆರಳಿಗೆ ಮುಟ್ಟಿಸಬಲ್ಲದಾದ್ದರಿಂದ, ಚಿತ್ರಾತ್ಮಕ ಪರದೆ ಕೈಕೊಟ್ಟ ದಿನವೂ ಬಳಕೆದಾರರು ಬೇರೆಯವರ ಕಣ್ಣನ್ನು ಆಶ್ರಯಿಸದೆ ದೋಷವನ್ನು ಸರಿಪಡಿಸಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04ರಲ್ಲಿ ಇದೇ ತಂತ್ರಾಂಶ, ಆರ್ಡುಯಿನೊ ಮಾದರಿಯ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳಲ್ಲಿರುವ ಕೆಲವು ಯುಎಸ್‌ಬಿ ಸೀರಿಯಲ್ ಚಿಪ್‌ಗಳನ್ನು ಬ್ರೈಲ್ ಸಾಧನವೆಂದು ಭಾವಿಸಿ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಆಗ ‘ಅದನ್ನೇ ತೆಗೆದುಹಾಕಿ’ ಎಂಬ ಸಲಹೆ ಎಲ್ಲೆಡೆ ಹಬ್ಬಿತು. ಹಲವರು ಹಂಚಿಕೊಂಡು ಬಳಸುವ ಗಣಕದಲ್ಲಿ ಹಾಗೆ ಮಾಡುವುದೆಂದರೆ ಬ್ರೈಲ್ ಓದುಗರನ್ನು ಹೊರಗಿಟ್ಟಂತೆಯೇ ಸರಿ. ಅದೇ ಚಿಪ್ ಇರುವ ಬ್ರೈಲ್ ಸಾಧನ ಬಳಕೆಯಲ್ಲಿ ಇಲ್ಲದಿದ್ದರೆ, ಸಂಬಂಧಪಟ್ಟ ಯುಡೆವ್ (ಜೋಡಿಸಿದ ಸಾಧನಗಳನ್ನು ಗುರುತಿಸುವ ಲಿನಕ್ಸ್ ವ್ಯವಸ್ಥೆ) ನಿಯಮವೊಂದನ್ನು ಮಾತ್ರ ನಿಷ್ಕ್ರಿಯಗೊಳಿಸಿದರೆ ಸಾಕು.

ಹೊಸದಾಗಿ ಆರಂಭಿಸುವವರು ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್ ಸ್ಥಾಪಕದ ಮೊದಲ ಮೆನುವಿನಲ್ಲಿ ‘ಎಸ್’ ಕೀಲಿಯನ್ನೂ ಬಳಿಕ ಎಂಟರ್ ಅನ್ನೂ ಒತ್ತಿದರೆ ಸ್ಥಾಪನೆಯೇ ಧ್ವನಿಯೊಂದಿಗೆ ಸಾಗುತ್ತದೆ. ಚಿತ್ರಾತ್ಮಕ ಪರದೆ ಒದಗಿಸುವ ಗ್ನೋಮ್‌ನಲ್ಲಿ ಓರ್ಕಾ ಚಾಲೂ ಮಾಡಲು ಆಲ್ಟ್, ಸೂಪರ್ (ವಿಂಡೋಸ್ ಗುರುತಿನ ಕೀಲಿ), ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು.