ಲಿವರ್ ಕ್ಯಾನ್ಸರ್: ಆಪರೇಷನ್ ಇಲ್ಲದ ಚಿಕಿತ್ಸೆಯೇ ಮೊದಲ ಆಯ್ಕೆಯಾಗಬೇಕೇ?

ಪರ

ಲಿವರ್‌ನಲ್ಲಿ ಗಡ್ಡೆ ಅಂದ ತಕ್ಷಣ ಮನೆಯವರು ಕೇಳುವುದು ಒಂದೇ, ಆಪರೇಷನ್ ಯಾವಾಗ? ಯಾಕಿಷ್ಟು ಅವಸರ? ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಸಿರೋಸಿಸ್ ಇರುತ್ತದೆ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿರುತ್ತದೆ. ಒಂದು ಭಾಗ ಕತ್ತರಿಸಿದರೆ ಉಳಿದದ್ದು ಕೆಲಸ ಮಾಡಬೇಕಲ್ವಾ?

ಅಬ್ಲೇಷನ್ ನೋಡಿ. ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಸೂಜಿ ಇಳಿಸಿ, ಮೈಕ್ರೋವೇವ್ ಬಿಸಿಯಲ್ಲಿ ಗಡ್ಡೆಯನ್ನು ಸುಟ್ಟುಬಿಡುತ್ತಾರೆ. 2 ಸೆಂ.ಮೀ. ಒಳಗಿನ ಒಂಟಿ ಗಡ್ಡೆಗೆ ಇದರ ಫಲ ಆಪರೇಷನ್‌ಗೆ ಹತ್ತಿರದಲ್ಲೇ ಇದೆ. ಗಡ್ಡೆ ದೊಡ್ಡದಾದರೆ ಟೇಸ್ (TACE) ಇದೆ, ರಕ್ತನಾಳದ ಮೂಲಕ ಮಾಡುವ ಚಿಕಿತ್ಸೆ. ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್‌ನಿಂದ, ಗಡ್ಡೆ ಕುಡಿಯುವುದು ಮಾತ್ರ ಹೆಚ್ಚಾಗಿ ಲಿವರ್‌ನ ಅಪಧಮನಿಯಾದ ಹೆಪಾಟಿಕ್ ಆರ್ಟರಿಯಿಂದ. ಆ ಆರ್ಟರಿಗೇ ಕೀಮೋ ಬಿಟ್ಟು ದಾರಿ ಮುಚ್ಚಿದರೆ ಪೆಟ್ಟು ಬೀಳುವುದು ಹೆಚ್ಚಾಗಿ ಗಡ್ಡೆಗೇ.

ನಮ್ಮ ಸೋದರಮಾವನಿಗೆ ಅಬ್ಲೇಷನ್ ಆಯಿತು. ಬಲಪಕ್ಕೆಯಲ್ಲಿ ಒಂದು ಸಣ್ಣ ಬ್ಯಾಂಡೇಜ್, ಅಷ್ಟೆ. ಮರುದಿನ ಕೂತುಕೊಂಡು ಪಕ್ಕದ ಬೆಡ್‌ನವರಿಗೆ ಪೇಪರ್ ಓದಿ ಹೇಳುತ್ತಿದ್ದರು, ನಡುನಡುವೆ ಸರ್ಕಾರಕ್ಕೆ ಬೈಗುಳ ಬೇರೆ. ನರ್ಸ್ ಬಂದು ಸುಮ್ಮನಿರಿಸಬೇಕಾಯಿತು. ಹೊಟ್ಟೆ ಕೊಯ್ಸಿಕೊಂಡವರು ಮರುದಿನ ಹೀಗೆ ಗಲಾಟೆ ಮಾಡಿದ್ದನ್ನು ತೋರಿಸಿ!

"ಮತ್ತೆ ಬಂದರೆ?" ಅಂತಾರೆ. ಕೊಯ್ಸಿಕೊಂಡವರಿಗೂ ಬರುತ್ತದೆ ಸ್ವಾಮಿ, ಐದು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನರಿಗೆ. ಕಾಯಿಲೆ ಇಡೀ ಲಿವರ್‌ನದು. ಸೂಜಿಯಾದರೆ ಇನ್ನೊಮ್ಮೆ ಚುಚ್ಚಬಹುದು. ಕತ್ತಿ ಎಷ್ಟು ಸಲ ಹಾಕುತ್ತೀರಿ?

ವಿರೋಧ

ಈ ಪಕ್ಷ ನನ್ನ ಪಾಲಿಗೆ ಬಂದಿದೆ, ಬರೆಯುತ್ತೇನೆ. ಚಿಕ್ಕ ಗಡ್ಡೆಯ ಮಟ್ಟಿಗೆ ನನ್ನದು ದೊಡ್ಡ ತಕರಾರೇನಿಲ್ಲ. ಎಲ್ಲರಿಗೂ ಅದೇ ಮೊದಲು ಅಂದರೆ ಕಷ್ಟ.

ಗಡ್ಡೆ 3 ಸೆಂ.ಮೀ. ದಾಟಿತೆಂದರೆ ಅಂಚಿನವರೆಗೂ ಪೂರ್ತಿ ಸುಡುವುದು ಕಷ್ಟ. ದೊಡ್ಡ ರಕ್ತನಾಳದ ಪಕ್ಕದಲ್ಲಿದ್ದರೆ ಹರಿಯುವ ರಕ್ತವೇ ಬಿಸಿಯನ್ನು ಹೊತ್ತೊಯ್ಯುತ್ತದೆ. ಬದುಕಿ ಉಳಿದ ಜೀವಕೋಶ ಅದೇ ಜಾಗದಲ್ಲಿ ಮತ್ತೆ ಬೆಳೆಯಬಹುದು. ಟೇಸ್ ಹೆಚ್ಚಿನವರಲ್ಲಿ ಕಾಯಿಲೆಯನ್ನು ಹಿಡಿತದಲ್ಲಿಡುತ್ತದೆ, ಬುಡಸಮೇತ ಕೀಳುವುದಿಲ್ಲ. ಆಮೇಲೆ ಜ್ವರ, ನೋವು, ವಾಂತಿ ಬರುವುದೂ ಉಂಟು. ಪೇಪರ್ ಓದುವ ಸೋದರಮಾವಂದಿರು ಎಲ್ಲರಿಗೂ ಇರುವುದಿಲ್ಲ.

ಕಾಯಿಲೆ ಇಡೀ ಲಿವರ್‌ನದು ಅಂದರೆ ಅದು ಲಿವರ್ ಕಸಿಯ, ಅಂದರೆ ದಾನಿಯ ಲಿವರ್ ಜೋಡಿಸುವುದರ, ಪರವಾದ ಮಾತಾಯಿತು. 1996ರ ಮಿಲಾನ್ ಮಾನದಂಡದ ಪ್ರಕಾರ 5 ಸೆಂ.ಮೀ.ವರೆಗಿನ ಒಂದು ಗಡ್ಡೆ, ಅಥವಾ ತಲಾ 3 ಸೆಂ.ಮೀ. ಮೀರದ ಮೂರು ಗಡ್ಡೆಗಳವರೆಗೆ ಇದ್ದರೆ ಕಸಿ ಮಾಡಬಹುದು. ಗಡ್ಡೆಯ ಜೊತೆಗೆ ಸಿರೋಸಿಸ್ ಕೂಡ ಹೋಗುತ್ತದೆ. ದಾನಿ ಸಿಗುವವರೆಗೆ ಗಡ್ಡೆ ಬೆಳೆಯದಿರಲಿ ಅಂತ ಟೇಸ್, ಅಬ್ಲೇಷನ್ ಮಾಡುತ್ತಾರೆ ನಿಜ. ಆದರೆ ಅದನ್ನು ಪರದವರು ಬರೆಯಬೇಕಿತ್ತು.